ಇಂದಿನ ಧಮ್ಮ ಚಿಂತನೆ: ಜೈಲಿನ ದಾರಿ ಎಲ್ಲಿ ಶುರುವಾಗುತ್ತದೆ?



ನಮ್ಮ ಬಡಾವಣೆಯಲ್ಲಿ ಒಮ್ಮೆ ಮನೆಗಳ್ಳತನ ಆಯಿತು. ಪಕ್ಕದ ಬಯಲಿನಲ್ಲಿ ಟೆಂಟ್ ಹಾಕಿದ್ದ ಅಲೆಮಾರಿಗಳ ಕಡೆ ಮೊದಲು ಬೆರಳು ತೋರಿಸಿದವನು ನಾನೇ. "ಅವರ ರಕ್ತದಲ್ಲೇ ಇದೆ" ಎಂದೆ. ಕಳ್ಳ ಬೇರೆಯವನು ಎಂದು ಆಮೇಲೆ ಗೊತ್ತಾಯಿತು. ಅಷ್ಟರಲ್ಲಿ ಟೆಂಟುಗಳು ಖಾಲಿಯಾಗಿದ್ದವು.

ಬ್ರಿಟಿಷರು 1871ರಲ್ಲಿ ಇದೇ ಮಾತನ್ನು ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಮಾಡಿದರು. ಇಡೀ ಸಮುದಾಯಗಳೇ ಹುಟ್ಟಾ ಅಪರಾಧಿಗಳಾದವು. 1952ರಲ್ಲಿ ಆ ಕಾಯ್ದೆ ಹೋಯಿತು. ನನ್ನ ನಾಲಿಗೆಯ ಮೇಲೆ ಮಾತ್ರ ಉಳಿದಿತ್ತು.

ಅದೇ ಬ್ರಿಟಿಷರು ಆಳಿದ ಇನ್ನೊಂದು ದೇಶ ಕೆನಡಾ. ಅಲ್ಲಿನ ಮೂಲನಿವಾಸಿಗಳು ಜನಸಂಖ್ಯೆಯಲ್ಲಿ ಸುಮಾರು ಶೇ 5. ಒಕ್ಕೂಟ ಸರ್ಕಾರದ ಜೈಲುಗಳಲ್ಲಿ ಮಾತ್ರ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರು ಅವರೇ. ಇದು ರಕ್ತದ ಗುಣವೇ? ಅಲ್ಲ. ಮೊದಲು ನೆಲ ಹೋಯಿತು. ಆಮೇಲೆ ನೂರು ವರ್ಷಕ್ಕೂ ಹೆಚ್ಚು ಕಾಲ, ಒಂದೂವರೆ ಲಕ್ಷ ಮಕ್ಕಳನ್ನು ಮನೆಯಿಂದ ದೂರ ಒಯ್ದು ವಸತಿ ಶಾಲೆಗೆ ಹಾಕಿದರು. ತಾಯ್ನುಡಿ ಆಡಿದರೂ ಶಿಕ್ಷೆ. ಆ ಗಾಯ ಮೊಮ್ಮಕ್ಕಳವರೆಗೂ ಬಂದಿದೆ.

1999ರಲ್ಲಿ ಗ್ಲಾಡ್ಯು ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು: ಮೂಲನಿವಾಸಿಗೆ ಶಿಕ್ಷೆ ಕೊಡುವ ಮುನ್ನ ಈ ಹಿನ್ನೆಲೆಯನ್ನು ನೋಡಲೇಬೇಕು, ಜೈಲು ಬಿಟ್ಟು ಬೇರೆ ದಾರಿ ಇದೆಯೇ ಎಂದು ಯೋಚಿಸಲೇಬೇಕು.

ಹಾಗಾದರೆ ನೊಂದವರ ಗತಿ ಏನು? ಈ ಪ್ರಶ್ನೆ ನ್ಯಾಯವಾದದ್ದೇ. ಆ ಪ್ರಕರಣದಲ್ಲಿ ಒಂದು ಜೀವ ಹೋಗಿತ್ತು. ಕೋರ್ಟು ಮೂರು ವರ್ಷದ ಶಿಕ್ಷೆಯನ್ನು ಹಾಗೇ ಉಳಿಸಿತು. ಕಾರಣ ಕೇಳುವುದೆಂದರೆ ತಪ್ಪನ್ನು ಮಾಫಿ ಮಾಡುವುದಲ್ಲ.

ಆದರೂ ಜೈಲಿನಲ್ಲಿ ಅವರ ಪಾಲು ಇಳಿಯಲಿಲ್ಲ, ಏರಿತು. ಶಿಕ್ಷೆಯ ದಿನ ಕಾರಣ ಕೇಳಿದರೆ ತಡವಾಗಿರುತ್ತದೆ. ಜೈಲಿನ ದಾರಿ ಶುರುವಾಗುವುದು ಮನೆ, ಶಾಲೆ, ಕೂಲಿ ಮತ್ತು ಪೊಲೀಸರ ಕಣ್ಣಿನಲ್ಲಿ.

ಕೂಟದಂತ ಸುತ್ತದಲ್ಲಿ ಭಗವಾನ್ ಬುದ್ಧರು ಒಬ್ಬ ರಾಜನ ಕಥೆ ಹೇಳುತ್ತಾರೆ. ರಾಜ್ಯದಲ್ಲಿ ದರೋಡೆ ಹೆಚ್ಚಾಗಿತ್ತು. ಕೊಂದು, ಸೆರೆಗೆ ಹಾಕಿ ಇದು ಮುಗಿಯುವುದಿಲ್ಲ ಎಂದು ರಾಜನಿಗೆ ಬುದ್ಧಿಮಾತು ಸಿಗುತ್ತದೆ. ಉಳುವವನಿಗೆ ಬೀಜ, ವ್ಯಾಪಾರಿಗೆ ಬಂಡವಾಳ, ದುಡಿಯುವವನಿಗೆ ಸಂಬಳ ಕೊಟ್ಟ ಮೇಲೆ ಜನ ಬಾಗಿಲು ತೆರೆದಿಟ್ಟೇ ಬದುಕುತ್ತಾರೆ.

ಬಾಬಾಸಾಹೇಬರು ಪೂರ್ವಜನ್ಮದ ಕರ್ಮವನ್ನು ಒಪ್ಪಲಿಲ್ಲ. "ರಕ್ತದಲ್ಲೇ ಇದೆ" ಎನ್ನುವುದು ಅದೇ ಕರ್ಮಸಿದ್ಧಾಂತದ ಇನ್ನೊಂದು ಹೆಸರು. ದೀಕ್ಷೆ ತೆಗೆದುಕೊಂಡ ಮೇಲೂ ನಾನು ಅದನ್ನು ಬಿಟ್ಟಿರಲಿಲ್ಲ.

*ಇಂದಿನ ಅಭ್ಯಾಸ:* ಯಾರನ್ನಾದರೂ ಕಳ್ಳ ಎನ್ನುವ ಮುನ್ನ, ಆ ಮಾತು ನಮಗೆ ಎಲ್ಲಿಂದ ಬಂತು ಎಂದು ಒಂದು ಕ್ಷಣ ಕೇಳಿಕೊಳ್ಳೋಣ.

ಭವತು ಸಬ್ಬ ಮಂಗಲಂ 🙏