ಭಜನೆಗೆ ಬಂದ ಹೊಸಬ: ಹಾಡಬೇಕೋ, ಸುಮ್ಮನಿರಬೇಕೋ?



ಬೆಟ್ಟ ಹತ್ತಿ, ದರ್ಶನ ಮುಗಿಸಿ ಪ್ರಾಕಾರದಲ್ಲಿ ಕೂತಾಗ ಒಂದು ಭಜನಾ ಮಂಡಳಿ ಹಾಡುತ್ತಿದ್ದರೆ ನಮಗೂ ಹೋಗಿ ಸೇರಿಕೊಳ್ಳೋಣ ಅನಿಸುತ್ತದೆ. ನಲವತ್ತು ಐವತ್ತು ಜನ ಒಂದೇ ದನಿಯಲ್ಲಿ ನಾಮ ಹೇಳುವಾಗ ಸುಮ್ಮನೆ ಕೂರುವುದು ಕಷ್ಟ. ಆದರೆ ಕೂಡಲೇ ಅಳುಕೂ ಬರುತ್ತದೆ. ನನಗೆ ಶ್ರುತಿ ಸೇರಲ್ಲ, ತಾಳ ಬರಲ್ಲ, ನಾನು ಹಾಡಿದರೆ ಅವರ ಭಜನೆ ಕೆಡುತ್ತೋ ಏನೋ ಅಂತ.

ಭಕ್ತಿ ಇದ್ದರೆ ಸಾಕು, ಹೇಗೆ ಹಾಡಿದರೂ ದೇವರು ಒಪ್ಪುತ್ತಾನೆ ಎಂದು ಹಿರಿಯರು ಹೇಳುತ್ತಾರೆ. ಇದು ಸುಳ್ಳಲ್ಲ. ಬಸವಣ್ಣನವರು ಕೂಡ ಸಂಗೀತದ ಲೆಕ್ಕಾಚಾರ ತಮಗೆ ತಿಳಿಯದೆಂದು ಒಂದು ವಚನದಲ್ಲಿ ಹೇಳಿಕೊಂಡಿದ್ದಾರೆ. ಆದರೆ ಒಬ್ಬನೇ ದೇವರ ಮುಂದೆ ಹಾಡುವುದು ಬೇರೆ, ಐವತ್ತು ಜನರ ನಡುವೆ ಕೂತು ಹಾಡುವುದು ಬೇರೆ. ಅಲ್ಲಿ ಕೇಳುವವನು ಭಗವಂತ ಒಬ್ಬನೇ. ಇಲ್ಲಿ ಪಕ್ಕದಲ್ಲಿ ಕೂತ ಭಕ್ತನೂ ಕೇಳುತ್ತಿರುತ್ತಾನೆ. ನನ್ನ ಭಕ್ತಿಯ ಆವೇಶದಲ್ಲಿ ಅವನ ಏಕಾಗ್ರತೆ ಕೆಡಿಸುವ ಹಕ್ಕು ನನಗುಂಟೇ?

ನನ್ನದೇ ಅನುಭವ ಹೇಳುತ್ತೇನೆ. ದೊಡ್ಡ ಮಂಡಳಿಯೊಂದಕ್ಕೆ ಹೊಸದಾಗಿ ಸೇರಿದಾಗ ನಾನು ಎಲ್ಲರಿಗಿಂತ ಗಟ್ಟಿಯಾಗಿ ಹಾಡುತ್ತಿದ್ದೆ. ಅದೇ ಭಕ್ತಿ ಅಂತ ತಿಳಿದಿದ್ದೆ. ಮೂರನೇ ವಾರ ತಾಳ ಹಿಡಿಯುವ ಹಿರಿಯರೊಬ್ಬರು ಹತ್ತಿರ ಬಂದು, "ಪಕ್ಕದವರ ದನಿ ನಿಮ್ಮ ಕಿವಿಗೆ ಬೀಳುವಷ್ಟು ಹಾಡಿ, ಸಾಕು" ಅಂದರು. ಮನಸ್ಸಿಗೆ ಚುರುಕ್ ಅಂತು. ಆಮೇಲೆ ಎರಡು ವಾರ ಬರೀ ತುಟಿ ಆಡಿಸಿದೆ. ನೋಡುವವರಿಗೆ ಹಾಡಿದಂತೆ, ಆದರೆ ದನಿಯೇ ಇಲ್ಲ. ಅಭಿಮಾನಕ್ಕೆ ಪೆಟ್ಟು ಬಿದ್ದದ್ದನ್ನೇ ವಿನಯ ಅಂದುಕೊಂಡಿದ್ದೆ. ಗಟ್ಟಿಯಾಗಿ ಹಾಡಿದ್ದು ತಪ್ಪಿರಬಹುದು, ಆದರೆ ದೇವರ ಮುಂದೆ ಕೂತು ಹಾಡಿದಂತೆ ನಟಿಸಿದ್ದು ಅದಕ್ಕಿಂತ ದೊಡ್ಡ ತಪ್ಪು.

ಹಾಗಾದರೆ ದಾರಿ ಯಾವುದು? ಭಾಗವತದ ಏಳನೇ ಸ್ಕಂಧದಲ್ಲಿ ಪ್ರಹ್ಲಾದನು ತಂದೆಗೆ ಒಂಬತ್ತು ಬಗೆಯ ಭಕ್ತಿಯನ್ನು ಹೇಳುತ್ತಾನೆ. ಅದರಲ್ಲಿ ಮೊದಲನೆಯದು ಶ್ರವಣ, ಕೀರ್ತನ ಎರಡನೆಯದು. ಅಂದರೆ ಕೇಳುವುದೇ ಒಂದು ಸೇವೆ. ಹಾಡು ಗೊತ್ತಿಲ್ಲದ ಹೊಸಬ ಕಿವಿಗೊಟ್ಟು ಕೂತರೆ ಅವನು ಭಜನೆಯ ಹೊರಗಿದ್ದಾನೆ ಅಂತ ಅಲ್ಲ. ತುಟಿ ಆಡಿಸುವುದಕ್ಕೂ ಇದಕ್ಕೂ ವ್ಯತ್ಯಾಸ ಇದೆ. ಕೇಳುವವನು ಕಲಿಯುತ್ತಿರುತ್ತಾನೆ, ನಟಿಸುವವನು ಬರೀ ಮರೆಯಾಗಿರುತ್ತಾನೆ.

ಭಜನೆಯ ಕ್ರಮವೂ ಹಾಗೇ ಇದೆ ನೋಡಿ. ಮುಂದಾಳು ಒಂದು ಸಾಲು ಹೇಳುತ್ತಾರೆ, ಉಳಿದವರು ಅದನ್ನೇ ತಿರುಗಿ ಹೇಳುತ್ತಾರೆ. ಮೊದಲು ಕೇಳದೆ ತಿರುಗಿ ಹೇಳಲಾಗದು. ಪುರಂದರದಾಸರು (1484–1564) ಸಂಗೀತ ಕಲಿಯುವವರಿಗೆ ಮಾಯಾಮಾಳವಗೌಳ ರಾಗದಲ್ಲಿ ಸರಳೆ, ಜಂಟಿ ವರಸೆಗಳ ಕ್ರಮ ಹಾಕಿಕೊಟ್ಟರೆಂದು ಪ್ರತೀತಿ. ಅಷ್ಟು ದೊಡ್ಡ ದಾಸರು ಕಲಿಯುವವನಿಗಾಗಿ ಸ ರಿ ಗ ಮದಿಂದ ಶುರು ಮಾಡಿದರು ಎಂದ ಮೇಲೆ, ಭಕ್ತಿ ಇದೆ, ಕಲಿಯುವುದು ಬೇಡ ಅನ್ನಲು ನಾವ್ಯಾರು?

ಹೊಸಬನಿಗೆ ಮಾತ್ರ ಬುದ್ಧಿ ಹೇಳಿದರೆ ಸಾಲದು. ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮನವರು ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ತಮ್ಮ ದುಡ್ಡು ಹಾಕಿ ಗುಡಿ ಕಟ್ಟಿಸಿದರು. ಅದರ ಪ್ರತಿಷ್ಠೆಯೂ ಆಯಿತು. ಆದರೂ ಆರಾಧನೆಯಲ್ಲಿ ಹೆಂಗಸರು ಹಾಡುವಂತಿರಲಿಲ್ಲ. ಆ ತಾಯಿ ಬಿಡಲಿಲ್ಲ, ಹೆಂಗಸರನ್ನು ಸೇರಿಸಿ ಹಾಡಿಸಿಯೇ ಬಿಟ್ಟರು. ಇವತ್ತು ಅದೇ ಜಾಗದಲ್ಲಿ ಗಂಡಸರು ಹೆಂಗಸರು ಒಟ್ಟಾಗಿ ಪಂಚರತ್ನ ಕೃತಿ ಹಾಡುತ್ತಾರೆ. "ನೀನು ಹಾಡಬೇಡ" ಅನ್ನುವ ಮಾತು ಹಳಬರ ಬಾಯಲ್ಲಿ ಬಂದಾಗ ಅದು ಶ್ರುತಿಯ ಚಿಂತೆಯೋ, ಜಾಗ ಬಿಟ್ಟುಕೊಡಲಾರದ ಅಹಂಕಾರವೋ, ಎದೆ ಮುಟ್ಟಿ ನೋಡಿಕೊಳ್ಳಬೇಕು. ನನಗೆ ಹೇಳಿದ ಹಿರಿಯರು ಹಾಡಬೇಡ ಅನ್ನಲಿಲ್ಲ, ಕೇಳಿಸಿಕೊಂಡು ಹಾಡು ಅಂದರು. ಅದು ಅರ್ಥವಾಗಲು ನನಗೆ ಎರಡು ವಾರ ಬೇಕಾಯ್ತು.

ಆದ್ದರಿಂದ ಇವತ್ತು ಸಂಜೆ ಇಲ್ಲಿ ಭಜನೆ ನಡೆದರೆ ಅಳುಕದೆ ಹೋಗಿ ಕೂರಿ. ಮೊದಲ ಹಾಡು ಪೂರ್ತಿ ಕೇಳಿ, ಕೈಯಲ್ಲಿ ಮೆಲ್ಲಗೆ ತಾಳ ಹಾಕಿಕೊಳ್ಳಿ. ಮುಂದಾಳಿನ ಶ್ರುತಿ ಎತ್ತರವಾದರೆ ಕೆಳಗಿನ ಸ್ಥಾಯಿಯಲ್ಲಿ ಹೇಳಿ, ತಪ್ಪಿಲ್ಲ. ಪಕ್ಕದವರ ದನಿ ಕೇಳುತ್ತಿರುವವರೆಗೆ ದನಿಗೂಡಿಸಿ, ಕೇಳದಿದ್ದರೆ ಒಂದಿಷ್ಟು ತಗ್ಗಿಸಿ. ಸಾಲು ತಪ್ಪಿದರೆ ನಾಚಿಕೆ ಬೇಡ, ನಿಲ್ಲಿಸಿ ಕೇಳಿ, ಮುಂದಿನ ಸಾಲಿಗೆ ಸೇರಿಕೊಳ್ಳಿ. ಹಳಬರಾಗಿದ್ದರೆ ಒಂಚೂರು ಸರಿದು ಕೂತು ಬಂದವರಿಗೆ ಜಾಗ ಕೊಡಿ.

ಸ್ವಾಮಿಯ ಕೃಪೆ ಎಲ್ಲರ ಮೇಲಿರಲಿ.