ಬಂದೂಕು ಹಿಡಿಯದವರಿಗೂ ಒಂದು ಕುರ್ಚಿ

ಯುದ್ಧ ನಿಲ್ಲಿಸೋ ಮಾತುಕತೆಗೆ ಯಾರನ್ನು ಕರೀಬೇಕು? ಹೊಡೆದಾಡ್ತಿರೋರನ್ನು, ಅಷ್ಟೇ ತಾನೇ? ಅವರು ಒಪ್ಪದೆ ಗುಂಡಿನ ಸದ್ದು ನಿಲ್ಲಲ್ಲ. ಸರಿ. ಆದರೆ ಬಂದೂಕು ಹಿಡಿದವನಿಗೆ ಮಾತ್ರ ಕುರ್ಚಿ ಅಂತಾದರೆ, ಕುರ್ಚಿ ಬೇಕಾದವರು ಮೊದಲು ಏನು ಮಾಡಬೇಕು ಅಂತ ನಾವೇ ಹೇಳಿಕೊಟ್ಟ ಹಾಗಾಯ್ತಲ್ವಾ?

ಪಶ್ಚಿಮ ಆಫ್ರಿಕಾದ ಲೈಬೀರಿಯಾವನ್ನೇ ನೋಡಿ. 1989ರಿಂದ 2003ರವರೆಗೆ, ನಡುವಿನ ಸ್ವಲ್ಪ ಬಿಡುವು ಬಿಟ್ಟರೆ, ಅಲ್ಲಿ ಅಂತರ್ಯುದ್ಧ. ಮಕ್ಕಳ ಕೈಗೂ ಬಂದೂಕು ಕೊಟ್ಟಿದ್ದರು. 2003ರಲ್ಲಿ ಲೇಮಾ ಬೋವಿ ಮುಂದಾಳತ್ವದಲ್ಲಿ ಕ್ರೈಸ್ತ, ಮುಸ್ಲಿಂ ಹೆಂಗಸರು ಒಟ್ಟಾಗಿ ಬಿಳಿ ಬಟ್ಟೆ ತೊಟ್ಟು, ರಾಜಧಾನಿ ಮನ್ರೋವಿಯಾದ ಮೀನು ಮಾರುಕಟ್ಟೆ ಹತ್ತಿರ ಬಿಸಿಲು ಮಳೆ ಅನ್ನದೆ ದಿನಾ ಕೂತರು. ಜೂನ್‌ನಲ್ಲಿ ಘಾನಾ ದೇಶದಲ್ಲಿ ಮಾತುಕತೆ ಶುರುವಾಯ್ತು. ಒಳಗೆ ಸರ್ಕಾರ, ಎರಡು ಬಂಡುಕೋರ ಗುಂಪುಗಳು, ರಾಜಕೀಯ ಪಕ್ಷಗಳು. ಈ ಹೆಂಗಸರು ಹೊರಗೆ. ವಾರಗಳು ಕಳೆದರೂ ಯಾರಿಗೆ ಯಾವ ಹುದ್ದೆ ಅನ್ನೋ ಚೌಕಾಸಿ ಮುಗೀಲಿಲ್ಲ. ಅತ್ತ ಮನ್ರೋವಿಯಾ ಮೇಲೆ ಶೆಲ್ ಬೀಳ್ತಾನೇ ಇತ್ತು.

ಜುಲೈನಲ್ಲಿ ಹೆಂಗಸರು ಸಭಾಂಗಣದ ಬಾಗಿಲಿಗೇ ಅಡ್ಡ ಕೂತು, ಒಪ್ಪಂದ ಆಗದೆ ಯಾರನ್ನೂ ಹೊರಗೆ ಬಿಡಲ್ಲ ಅಂದರು. ಬಂಧಿಸೋಕೆ ಬಂದಾಗ ಬೋವಿ ಮೈಮೇಲಿನ ಬಟ್ಟೆ ಕಳಚೋಕೆ ಮುಂದಾದರು. ತಾಯಿಯಂಥವಳು ಹಾಗೆ ಮಾಡಿದರೆ ನೋಡಿದವನಿಗೆ ಶಾಪ ಅನ್ನೋ ನಂಬಿಕೆ ಅಲ್ಲಿನದು. ಬಂಧನ ನಿಂತಿತು. ಆಗಸ್ಟ್ 18ಕ್ಕೆ ಒಪ್ಪಂದಕ್ಕೆ ಸಹಿ ಬಿತ್ತು.

ಹೆಂಗಸರೊಬ್ಬರಿಂದಲೇ ಯುದ್ಧ ನಿಂತಿತು ಅಂತಲ್ಲ. ಹೊರಗಿನ ಒತ್ತಡವಿತ್ತು, ಅಧ್ಯಕ್ಷ ಚಾರ್ಲ್ಸ್ ಟೇಲರ್ ಆಗಸ್ಟ್ 11ರಂದೇ ಅಧಿಕಾರ ಬಿಟ್ಟಿದ್ದ. ಹಾಗಿದ್ದೂ ಒಪ್ಪಂದದಲ್ಲಿ ಏನಿತ್ತು ನೋಡಿ: ಕಾದಾಡಿದ ಮೂರೂ ಕಡೆಯವರಿಗೆ ಮಂತ್ರಿ ಪದವಿಗಳ ಪಾಲು, ಜೊತೆಗೆ ಸಾಮೂಹಿಕ ಕ್ಷಮಾದಾನದ ಶಿಫಾರಸನ್ನು ಪರಿಶೀಲಿಸಬೇಕು ಅನ್ನೋ ಒಂದು ಕಲಮು. ಕ್ಷಮಿಸೋ ಹಕ್ಕು ಯಾರದು? ನೊಂದವಳದ್ದಲ್ವಾ? ಅವಳು ಬಾಗಿಲಾಚೆ ಇದ್ದಾಗ, ನೋಯಿಸಿದವರೇ ಕೂತು ಆ ಮಾತಾಡೋದು ಯಾವ ನ್ಯಾಯ?

ಹೆಂಗಸರು ಸ್ವಭಾವದಿಂದಲೇ ಶಾಂತಿಪ್ರಿಯರು, ಅದಕ್ಕೇ ಕರೀಬೇಕು ಅನ್ನೋ ವಾದ ನನಗೆ ಹಿಡಿಸಲ್ಲ. ಅದೇ ಯುದ್ಧದಲ್ಲಿ ಬಂದೂಕು ಹಿಡಿದ ಹೆಂಗಸರೂ ಇದ್ದರು. ಅಲ್ಲದೆ ಈ ಹೊಗಳಿಕೆಯೊಳಗೆ ಒಂದು ಷರತ್ತಿದೆ: ಸಿಟ್ಟು ಬಂದ ದಿನ ಕುರ್ಚಿ ಹೋಯ್ತು. ಗಂಡಸರನ್ನು ಕೂರಿಸುವಾಗ ಸ್ವಭಾವದ ಸರ್ಟಿಫಿಕೇಟ್ ಯಾರು ಕೇಳ್ತಾರೆ? ಅವರ ಹಕ್ಕಿಗೆ ಕಾರಣ ಸರಳ. ಒಪ್ಪಂದದ ಜೊತೆ ಬದುಕಬೇಕಾದವರು ಅವರು. ಬಂದೂಕು ಕೆಳಗಿಟ್ಟ ಹುಡುಗ ವಾಪಸ್ ಬರೋದು ಅವರ ಮನೆಗೆ, ಅವರ ಬೀದಿಗೆ. ಬಳಸೋರನ್ನೇ ಕೇಳದೆ ಬರೆದ ಸಾಫ್ಟ್‌ವೇರ್ ಏನಾಗುತ್ತೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಶಾಂತಿ ಮಾತುಕತೆಯಲ್ಲಿ ಮಹಿಳೆಯರಿಗೆ ಪಾಲಿರಬೇಕು ಅಂತ ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2000ದಲ್ಲೇ 1325ನೇ ನಿರ್ಣಯ ಮಾಡಿತ್ತು. ಮೂರು ವರ್ಷದ ಮೇಲೂ ಅದನ್ನು ಬಾಗಿಲಲ್ಲಿ ಕೂತು ಕೇಳಬೇಕಾಯ್ತು. ಬೋವಿಗೆ 2011ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು, ಸಂತೋಷ. ಆದರೆ ಪ್ರಶಸ್ತಿ ಕೊಡೋದಕ್ಕಿಂತ ಕುರ್ಚಿ ಕೊಡೋದೇ ಕಷ್ಟ ಅನ್ಸುತ್ತೆ. ಮುಂದಿನ ಸಲ ಟಿವಿಯಲ್ಲಿ ಶಾಂತಿ ಮಾತುಕತೆಯ ಚಿತ್ರ ಬಂದಾಗ, ಯಾರು ಯಾರ ಕೈ ಕುಲುಕಿದರು ಅನ್ನೋದು ಇರಲಿ. ಸುಟ್ಟ ಊರಿಗೆ ಹೋಗಿ ಒಲೆ ಹಚ್ಚಬೇಕಾದವರು ಯಾರಾದರೂ ಆ ಮೇಜಿನ ಸುತ್ತ ಇದ್ದಾರಾ, ಅದನ್ನು ನೋಡಿ.