ಪಾಲುದಾರನ ಪ್ರಶ್ನೆ

ಊರಿಗಾಮಿನಲ್ಲಿ ಕುಳಿತು ಮೇಣದ ಬತ್ತಿ ಮಾಡಿ ಮಾರುತ್ತೇನೆಂದು ಹೇಳಿದರೆ ನಗುವವರು ಈಗಲೂ ಇದ್ದಾರೆ. ನಗುವುದಕ್ಕೆ ಕಾರಣವೂ ಇಲ್ಲದಿಲ್ಲ. ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ಹುಟ್ಟಿದ ವಿದ್ಯುತ್ತು 1902ರಲ್ಲಿ ಮೊದಲು ಹರಿದು ಬಂದದ್ದು ಇಲ್ಲಿನ ಚಿನ್ನದ ಗಣಿಗಳಿಗೆ. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಹತ್ತಿದ್ದು ಅದಾದ ಮೂರು ವರ್ಷಗಳ ಮೇಲೆ, 1905ರಲ್ಲಿ. ಸುಮಾರು 147 ಕಿಲೋಮೀಟರುಗಳಾಚೆಯಿಂದ ತಂತಿಯ ಮೂಲಕ ಶಕ್ತಿಯನ್ನು ತರಿಸಿಕೊಂಡ ಊರಿನಲ್ಲಿ ಒಬ್ಬ ನಿವೃತ್ತ ಮೇಷ್ಟರು ಮೇಣ ಕಾಯಿಸುತ್ತ ಕುಳಿತರೆ, ಕಾಲವನ್ನು ಹಿಂದಕ್ಕೆ ತಿರುಗಿಸುತ್ತಿದ್ದಾನೆಂದು ಜನ ಹೇಳದೆ ಇನ್ನೇನು ಹೇಳಿಯಾರು?

ಆದರೆ ನಾನು ಬರೆಯಹೊರಟದ್ದು ಬೆಳಕಿನ ವಿಷಯವನ್ನಲ್ಲ, ಪಾಲಿನ ವಿಷಯವನ್ನು. ಈ ಕಸುಬನ್ನು ನಾನು ಒಬ್ಬನೇ ಹೂಡಲಿಲ್ಲ. ನನಗೊಬ್ಬ ಪಾಲುದಾರರಿದ್ದಾರೆ. ಅವರು ಗಣಿಯಲ್ಲಿ ದುಡಿದವರು. ಅವರ ತಂದೆಯೂ ಗಣಿಯವರೇ. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದ ಮೇಲೆ, ಈ ಊರಿನ ಸಾವಿರಾರು ಜನರಂತೆ ಅವರೂ ಬೆಳಗಿನ ಜಾವದ ರೈಲು ಹಿಡಿದು ಬೆಂಗಳೂರಿಗೆ ಹೋಗಿ, ರಾತ್ರಿ ಹಿಂತಿರುಗುವ ಬಾಳನ್ನು ಎಷ್ಟೋ ವರ್ಷ ಬಾಳಿದರು. ಮೊಣಕಾಲು ಆ ಓಡಾಟಕ್ಕೆ ಒಗ್ಗದೆ ಹೋದಾಗ, ಮನೆಯಲ್ಲಿಯೇ ಮಾಡಬಹುದಾದ ಕೆಲಸವನ್ನು ಹುಡುಕಿ ಮೇಣದ ಬತ್ತಿಯ ಕೆಲಸವನ್ನು ಕಲಿತುಕೊಂಡರು. ಕಲಿತದ್ದಾಯಿತು, ಹಣವಿರಲಿಲ್ಲ. ನನ್ನಲ್ಲಿ ನಿವೃತ್ತಿಯ ಹಣ ಸ್ವಲ್ಪವಿತ್ತು, ಹೊತ್ತು ಬಹಳವಿತ್ತು. ಹೀಗೆ ಇಬ್ಬರೂ ಕೂಡಿದೆವು. ಹಣ ನನ್ನದು, ಕೈಗೆಲಸ ಅವರದು, ಲಾಭ ನಷ್ಟಗಳು ಸಮಪಾಲು.

“ಪಾಲು ಬೇಡ” ಎಂದು ನನ್ನ ಬಂಧುಗಳು ಒಬ್ಬರ ಹಿಂದೊಬ್ಬರು ಬುದ್ಧಿ ಹೇಳಿದರು. ಸ್ನೇಹ ಬೇರೆ, ವ್ಯವಹಾರ ಬೇರೆ ಎಂಬ ಮಾತನ್ನು ನಮ್ಮಲ್ಲಿ ಕೇಳದವರಾರು? ಆದರೆ ಈ ಊರು ಹುಟ್ಟಿದ್ದೇ ಕೂಡುಬಂಡವಾಳದಿಂದ. 1875ರಲ್ಲಿ ಮೈಸೂರು ಸರ್ಕಾರದಿಂದ ಗಣಿಯ ಹಕ್ಕನ್ನು ಪಡೆದ ಮೈಕೇಲ್ ಲಾವೆಲ್ ಎಂಬಾತ ಅದನ್ನು ಒಬ್ಬನೇ ನಡೆಸಲಾರದೆ ಬೇರೆಯವರಿಗೆ ವಹಿಸಿಕೊಟ್ಟ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಮತ್ತು ಮಕ್ಕಳು ಕೈಹಾಕಿದ ಮೇಲೆಯೇ ಕೆಲಸ ಸಾಗಿದ್ದು. ಒಬ್ಬನಿಂದಾಗದ್ದು ಹಲವರಿಂದ ಆಗುವುದೆಂಬುದು ಇಲ್ಲಿನ ನೆಲದಲ್ಲಿಯೇ ಇದೆ ಎಂದು ನಾನು ವಾದಿಸಿದೆ. ಬಂಧುಗಳು ಸುಮ್ಮನಾದರು, ಒಪ್ಪಿದರೆಂದು ನಾನು ಹೇಳಲಾರೆ.

ಕರಾರು ಬರೆಸುವ ಸಮಯದಲ್ಲಿ ನಾನು 1932ರ ಭಾರತೀಯ ಪಾಲುದಾರಿಕೆ ಕಾಯಿದೆಯನ್ನು ತರಿಸಿ ಓದಿದೆ. ಮೇಷ್ಟರ ಚಪಲವೆಂದು ಬೇಕಾದರೆ ಹೇಳಿ. ಕಾಯಿದೆಯೆಂದರೆ ಒಣ ಹುಲ್ಲೆಂದು ತಿಳಿದಿದ್ದವನಿಗೆ ಅದರ ಒಂಬತ್ತನೆಯ ವಿಧಿ ಬೆರಗು ಹುಟ್ಟಿಸಿತು. ಪಾಲುದಾರರು ಎಲ್ಲರ ಹೆಚ್ಚಿನ ಹಿತಕ್ಕಾಗಿ ವ್ಯವಹಾರ ನಡೆಸಬೇಕು, ಒಬ್ಬರಿಗೊಬ್ಬರು ನ್ಯಾಯವಾಗಿಯೂ ನಿಷ್ಠೆಯಿಂದಲೂ ಇರಬೇಕು, ನಿಜವಾದ ಲೆಕ್ಕವನ್ನು ಒಪ್ಪಿಸಬೇಕು ಎಂದು ಅದು ಹೇಳುತ್ತದೆ. ಬೇರೆ ಕರಾರಿಲ್ಲದಿದ್ದರೆ ಲಾಭವೂ ಸಮ, ನಷ್ಟವೂ ಸಮ ಎಂಬುದು ಹದಿಮೂರನೆಯ ವಿಧಿ. ಇನ್ನು ಇಪ್ಪತ್ತೈದನೆಯದು ಎದೆ ನಡುಗಿಸುವಂಥದು: ಸಂಸ್ಥೆ ಮಾಡಿದ ಪ್ರತಿಯೊಂದು ಕೆಲಸಕ್ಕೂ ಪ್ರತಿಯೊಬ್ಬ ಪಾಲುದಾರನೂ ಪೂರ್ತಿಯಾಗಿ ಹೊಣೆ. ಅರ್ಧ ಪಾಲಿನವನೆಂದು ಅರ್ಧ ಹೊಣೆ ಹೊತ್ತು ತಪ್ಪಿಸಿಕೊಳ್ಳುವಂತಿಲ್ಲ. ಅಣ್ಣನ ಸಾಲಕ್ಕೆ ತಮ್ಮನನ್ನು ಹಿಡಿಯದ ಕಾನೂನು, ಪಾಲುದಾರನ ಸಾಲಕ್ಕೆ ಪಾಲುದಾರನನ್ನು ಹಿಡಿಯುತ್ತದೆ!

ಕೆಲಸ ಸಣ್ಣದು. ನೀರಿನ ಪಾತ್ರೆಯೊಳಗೆ ಮೇಣದ ಪಾತ್ರೆಯನ್ನಿಟ್ಟು ಕಾಯಿಸಬೇಕು. ನೇರವಾಗಿ ಬೆಂಕಿಯ ಮೇಲಿಟ್ಟರೆ ಅಪಾಯ. ಪ್ಯಾರಾಫಿನ್ ಮೇಣ ಸುಮಾರು 60 ಡಿಗ್ರಿಯ ಹತ್ತಿರ ಕರಗುತ್ತದೆ. ಬತ್ತಿ ಗಟ್ಟಿಯಾಗಿ ನಿಲ್ಲಲೆಂದು ಸ್ವಲ್ಪ ಸ್ಟಿಯರಿಕ್ ಆಮ್ಲವನ್ನು ಬೆರೆಸುತ್ತೇವೆ. ಅಲ್ಯೂಮಿನಿಯಮ್ ಅಚ್ಚಿಗೆ ಎಣ್ಣೆ ಸವರಿ, ಹತ್ತಿಯ ದಾರವನ್ನು ಬಿಗಿಯಾಗಿ ಎಳೆದು ಕಟ್ಟಿ, ಮೇಣ ಹೊಯ್ದು, ಅಚ್ಚನ್ನು ತಣ್ಣೀರಿನ ತೊಟ್ಟಿಯಲ್ಲಿ ಇಳಿಸುತ್ತೇವೆ. ಆರಿದ ಮೇಲೆ ಅಚ್ಚು ಬಿಚ್ಚಿದರೆ ಬಿಳಿಯ ಬತ್ತಿಗಳು ಸಾಲಾಗಿ ಮಲಗಿರುತ್ತವೆ. ಪೊಟ್ಟಣ ಕಟ್ಟಲು ಗಣಿಯ ಲೈನ್ ಮನೆಗಳಿಂದ ಇಬ್ಬರು ಹೆಂಗಸರು ಬರುತ್ತಾರೆ. ಕರೆಂಟು ಹೋದಾಗ ಬತ್ತಿ ಕೊಳ್ಳುವವರು ಈಗ ಕಡಿಮೆ. ನಮ್ಮನ್ನು ಸಾಕುವವು ಇಲ್ಲಿನ ಇಗರ್ಜಿಗಳು: ಕ್ರಿಸ್ತಜಯಂತಿ, ಈಸ್ಟರ್, ಎಲ್ಲಕ್ಕಿಂತ ಹೆಚ್ಚಾಗಿ ನವೆಂಬರ್ 2. ಅಂದು ಮೃತರ ಸ್ಮರಣೆಯ ದಿನ. ಇಲ್ಲಿನ ತಮಿಳರು ಕಲ್ಲರೈ ತಿರುನಾಳ್ ಎನ್ನುತ್ತಾರೆ. ಸಂಜೆಯಾಗುತ್ತಲೇ ಸ್ಮಶಾನದ ಒಂದೊಂದು ಗೋರಿಯ ಮೇಲೂ ಬತ್ತಿಗಳು ಉರಿಯತೊಡಗುತ್ತವೆ.

ನನ್ನ ಕಥೆಯೂ ಆ ದಿನಕ್ಕೇ ಸಂಬಂಧಿಸಿದ್ದು. ಮೂರನೆಯ ವರ್ಷ ಮೇಣದ ಬೆಲೆ ಏರಿತು. ಬತ್ತಿಯ ಬೆಲೆಯನ್ನು ಏರಿಸಿದರೆ ಅಂಗಡಿಯವರು ಬೆಂಗಳೂರಿನ ಸರಕನ್ನು ತರಿಸುತ್ತಾರೆ. ಏರಿಸದಿದ್ದರೆ ನವೆಂಬರಿನಲ್ಲಿ ಉಳಿಯುವುದು ಏನೂ ಇಲ್ಲ. ಆಮೇಲಿನ ಬರಿದು ತಿಂಗಳುಗಳಲ್ಲಿ ಆ ಇಬ್ಬರು ಹೆಂಗಸರಿಗೆ ಕೂಲಿ ಕೊಡುವುದು ಹೇಗೆ? ನನ್ನ ಚಿಂತೆ ನಿಜವಾಗಿಯೂ ಅದೇ ಆಗಿತ್ತು. ಗಣಿತದ ಮೇಷ್ಟರಿಗೆ ಉಪಾಯ ಹೊಳೆಯುವುದು ತಡವೇ? ನಮ್ಮ ಬತ್ತಿಯ ದಪ್ಪ 20 ಮಿಲಿಮೀಟರು. ಅದನ್ನು 18 ಮಾಡಿದರೆ ಕಣ್ಣಿಗೆ ಗೊತ್ತಾಗದು. ಆದರೆ ಮೇಣದ ಖರ್ಚು ದಪ್ಪದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ: 400ರ ಜಾಗದಲ್ಲಿ 324. ಎಂದರೆ ನೂರು ಕಿಲೋ ಮೇಣಕ್ಕೆ 19 ಕಿಲೋ ಉಳಿತಾಯ! ಉದ್ದ ಅಷ್ಟೇ, ಪೊಟ್ಟಣದಲ್ಲಿನ ಸಂಖ್ಯೆಯೂ ಅಷ್ಟೇ. ಉರಿಯುವ ಹೊತ್ತು ಮಾತ್ರ ಕಡಿಮೆ. ಗೋರಿಯ ಮೇಲೆ ಹಚ್ಚಿದ ಬತ್ತಿ ಎಷ್ಟು ಹೊತ್ತು ಉರಿಯಿತೆಂದು ಗಡಿಯಾರ ಹಿಡಿದು ನೋಡುವವರಾರು? ಹಚ್ಚಿದವರು ಮನೆಗೆ ಹೋಗಿರುತ್ತಾರೆ; ಮಲಗಿರುವವರು ದೂರು ಹೇಳುವುದಿಲ್ಲ.

ಪಾಲುದಾರರಿಗೆ ಹೇಳುವ ಮೊದಲೇ ನಾನು ಹೊಸ ಅಚ್ಚುಗಳಿಗೆ ಮುಂಗಡ ಕೊಟ್ಟು ಬಂದೆ. ಹೇಳದೆ ಕೊಟ್ಟದ್ದೇಕೆಂದು ಈಗ ನನ್ನನ್ನೇ ಕೇಳಿಕೊಳ್ಳುತ್ತೇನೆ. ಒಳ್ಳೆಯ ಕೆಲಸವೇ ಆಗಿದ್ದರೆ ಹೇಳುವುದಕ್ಕೆ ಅವಸರವಾಗುತ್ತಿತ್ತು.

ಆ ಸಂಜೆ ಲೆಕ್ಕವನ್ನು ಬರೆದು ತೋರಿಸಿದೆ. ಅವರು ತಲೆಯಾಡಿಸುತ್ತ ಕೇಳಿದರು. ಆಮೇಲೆ, “ರೇಟು ಅದೇನಾ ಮೇಷ್ಟ್ರೇ?” ಎಂದರು.

“ಅದೇ.”

“ಹಾಗಾದ್ರೆ ಪೊಟ್ಟಣದ ಮೇಲೆ ಬರೆಸೋಣ್ವಾ, ಈ ಸಲ ಬತ್ತಿ ಸಣ್ಣ ಮಾಡಿದ್ದೀವಿ ಅಂತ?”

ನಾನು ಉತ್ತರ ಹೇಳಲಿಲ್ಲ. ಅವರೂ ಮತ್ತೆ ಕೇಳಲಿಲ್ಲ. ಅವರ ತಂದೆಯ ಗೋರಿ ಇರುವುದು ಅದೇ ಸ್ಮಶಾನದಲ್ಲಿ ಎಂಬುದು ನನಗೆ ತಿಳಿದಿತ್ತು, ಅದನ್ನವರು ಎತ್ತಲಿಲ್ಲ. ಎತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಇದು ಭಾವನೆಯ ಮಾತು, ವ್ಯವಹಾರದ ಮಾತಲ್ಲ ಎಂದು ವಾದ ಹೂಡಬಹುದಾಗಿತ್ತು.

ಅಂದು ರಾತ್ರಿ ನನಗೆ ಆಯ್ದಕ್ಕಿ ಮಾರಯ್ಯನ ನೆನಪಾಯಿತು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಶರಣ ಆತ. ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಆಸೆಯೆಂದು ಹೇಳಿ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಕಳುಹಿಸಿದಳೆಂಬ ಕಥೆಯನ್ನು ನಾವೆಲ್ಲ ಬಲ್ಲೆವು. ನಾನು ಇದನ್ನು ಶಾಲೆಯಲ್ಲಿ ಎಷ್ಟು ಸಲ ಹೇಳಿದ್ದೇನೋ! ಹೇಳುವಾಗಲೆಲ್ಲ ಮಾರಯ್ಯನನ್ನು ಸ್ವಲ್ಪ ದುರಾಸೆಯವನಂತೆ ಹೇಳುತ್ತಿದ್ದೆ. ಅದು ತಪ್ಪು. ಆತ ತಂದದ್ದು ತನ್ನ ಹೊಟ್ಟೆಗಲ್ಲ, ಜಂಗಮರ ದಾಸೋಹಕ್ಕೆ. ಉದ್ದೇಶ ಒಳ್ಳೆಯದು. ಅದಕ್ಕೇ ಅವನಿಗೆ ತಪ್ಪು ಕಾಣಲಿಲ್ಲ, ಅದಕ್ಕೇ ಲಕ್ಕಮ್ಮ ಬೇಕಾದಳು. ಕೆಟ್ಟ ಉದ್ದೇಶದಿಂದ ಮಾಡುವ ಕೆಟ್ಟದ್ದು ಮಾಡುವವನಿಗೇ ಗೊತ್ತಿರುತ್ತದೆ. ಒಳ್ಳೆಯ ಉದ್ದೇಶ ಬೆನ್ನಿಗಿದ್ದಾಗ ಬುಟ್ಟಿಯ ಭಾರ ಹೊತ್ತವನಿಗೆ ತಿಳಿಯುವುದಿಲ್ಲ, ಇಳಿಸಿಕೊಳ್ಳುವವರಿಗೆ ತಿಳಿಯುತ್ತದೆ.

ಇಲ್ಲಿ ಓದುಗರು ಒಂದು ಆಕ್ಷೇಪವನ್ನು ಎತ್ತಬಹುದು. ಇನ್ನೊಬ್ಬನು ಕೇಳಿದ್ದರಿಂದ ಪ್ರಾಮಾಣಿಕನಾದವನು ನಿಜವಾಗಿ ಪ್ರಾಮಾಣಿಕನೇ? ಮನುಷ್ಯನಿಗೆ ಅಂತಃಸಾಕ್ಷಿಯೊಂದು ಸಾಲದೇ? ಈ ಆಕ್ಷೇಪವನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಆದರೆ ಅನುಭವ ಹೇಳುವುದು ಬೇರೆ. ನನ್ನ ಅಂತಃಸಾಕ್ಷಿ ನನ್ನ ಮನೆಯಲ್ಲೇ ಉಣ್ಣುತ್ತದೆ. ನನ್ನ ಲಾಭದಲ್ಲಿ ಅದಕ್ಕೂ ಪಾಲಿದೆ. ಇಬ್ಬರು ಹೆಂಗಸರ ಕೂಲಿಯನ್ನು ತೋರಿಸಿದೊಡನೆಯೇ ಅದು ನನ್ನೊಡನೆ ರಾಜಿಯಾಯಿತು, ಅಚ್ಚಿನ ಮುಂಗಡಕ್ಕೂ ಅಡ್ಡ ಬರಲಿಲ್ಲ. ಹಾಗೆಂದು ಹೊರಗಿನ ಸಾಕ್ಷಿ ಯಾರಾದರೂ ಸಾಕೆಂದೂ ಅಲ್ಲ. ತೂಕ ಅಳತೆಯ ಅಧಿಕಾರಿ ಬಂದು ಕೇಳಿದ್ದರೆ ನಾನು ಚೆನ್ನಾಗಿಯೇ ವಾದಿಸುತ್ತಿದ್ದೆ. ಏಕೆಂದರೆ ಅವನು ಕೇಳಿದ್ದರಿಂದ ಅವನಿಗೆ ಏನೂ ನಷ್ಟವಿಲ್ಲ. ನನ್ನ ಪಾಲುದಾರರಿಗಾದರೋ ಆ 19 ಕಿಲೋ ಮೇಣದಲ್ಲಿ ಅರ್ಧ ಸಲ್ಲಬೇಕು. ತಮ್ಮ ಅರ್ಧವನ್ನು ಬಿಟ್ಟುಕೊಟ್ಟು ಅವರು ಕೇಳಿದರು. ಆ ಪ್ರಶ್ನೆಗೆ ಇದ್ದ ತೂಕ ಅದೇ.

ಎಲ್ಲ ಪಾಲುದಾರಿಕೆಗಳೂ ಹೀಗೆ ಮನುಷ್ಯನನ್ನು ಕಾಯುತ್ತವೆಂದು ನಾನು ಹೇಳುವುದಿಲ್ಲ. ಇಬ್ಬರೂ ಒಪ್ಪಿ ಮಾಡಿದ ತಪ್ಪು ಒಬ್ಬನೇ ಮಾಡಿದ ತಪ್ಪಿಗಿಂತ ಗಟ್ಟಿ. ಒಬ್ಬನಿದ್ದರೆ ಅಳುಕಾದರೂ ಇರುತ್ತದೆ. ಇಬ್ಬರಾದರೆ ಒಬ್ಬರ ಮುಖವನ್ನು ಒಬ್ಬರು ನೋಡಿಕೊಂಡು ಧೈರ್ಯ ತಂದುಕೊಳ್ಳುತ್ತಾರೆ. ಅಂದು ಅವರು “ಆಗಲಿ ಮೇಷ್ಟ್ರೇ” ಎಂದಿದ್ದರೆ ನಾವಿಬ್ಬರೂ ಈಗಲೂ ಪರಸ್ಪರ ಮೆಚ್ಚಿಕೊಂಡು ಸಣ್ಣ ಬತ್ತಿಗಳನ್ನು ಮಾರುತ್ತಿದ್ದೆವೇನೋ. ಆದ್ದರಿಂದ ಪಾಲುದಾರನನ್ನು ಹುಡುಕುವವರು ಹಣವನ್ನೋ ಕೈಗೆಲಸವನ್ನೋ ನೋಡುವುದರ ಜೊತೆಗೆ, ತನಗೆ ಲಾಭವಿದ್ದಾಗಲೂ ಪ್ರಶ್ನೆ ಕೇಳಬಲ್ಲವನೇ ಎಂಬುದನ್ನೂ ನೋಡಬೇಕು. ಅಂಥವನು ಸಿಕ್ಕರೆ ಕೇಳುವ ಹಕ್ಕನ್ನು ಬರೆದು ಕೊಡಬೇಕು. ಕರಾರು ಪತ್ರವನ್ನೂ ಲೆಕ್ಕದ ಪುಸ್ತಕವನ್ನೂ ಜನ ಅಪನಂಬಿಕೆಯ ಗುರುತೆಂದು ತಿಳಿಯುತ್ತಾರೆ. ನನಗೆ ಈಗ ಹಾಗೆ ಕಾಣುವುದಿಲ್ಲ. “ನನ್ನನ್ನು ಕೇಳಲು ನಿನಗೆ ಅಧಿಕಾರವಿದೆ” ಎಂದು ಸ್ನೇಹಿತನಿಗೆ ಬರೆದು ಕೊಟ್ಟ ಮಾತು ಅದು.

ಇಷ್ಟಾಗಿ, ಒಳ್ಳೆಯದನ್ನು ಮಾಡಿದ್ದಕ್ಕೆ ಒಳ್ಳೆಯದಾಯಿತೆಂದು ಕಥೆಯನ್ನು ಮುಗಿಸುವ ಭಾಗ್ಯ ನನಗಿಲ್ಲ. ಆ ನವೆಂಬರಿನಲ್ಲಿ ನಮಗೆ ಉಳಿದದ್ದು ಸೊನ್ನೆ. ಬತ್ತಿ ಮೊದಲಿನಷ್ಟೇ ದಪ್ಪವಾಗಿದೆಯೆಂದು ಕೊಂಡವರಾರೂ ಹೊಗಳಲಿಲ್ಲ; ಅವರಿಗೆ ಗೊತ್ತಾಗುವ ಸಂಗತಿಯೇ ಅದಲ್ಲ. ಕ್ರಿಸ್ತಜಯಂತಿಯ ಮೇಲೆ ಎರಡು ತಿಂಗಳು ಒಬ್ಬ ಹೆಂಗಸಿಗೆ ಕೆಲಸ ಕೊಡಲಾಗಲಿಲ್ಲ. ಆಕೆ ಅಷ್ಟು ದಿನವೂ ಬಂಗಾರಪೇಟೆಗೆ ಹೋಗಿ ಮನೆಗೆಲಸ ಮಾಡಿದಳು. ನಮ್ಮ ನ್ಯಾಯದ ಬೆಲೆಯನ್ನು ನಮ್ಮ ಕರಾರಿನಲ್ಲಿ ಹೆಸರೇ ಇಲ್ಲದ ಆಕೆ ತೆತ್ತಳೆಂಬುದು ನನ್ನನ್ನು ಇಂದಿಗೂ ಕುಟುಕುತ್ತದೆ. ಇದಕ್ಕೆ ನನ್ನಲ್ಲಿ ಸಮಾಧಾನವಿಲ್ಲ. ಮರುವರ್ಷದಿಂದ ನವೆಂಬರಿನ ಮಾರಾಟದಲ್ಲಿ ನಮ್ಮಿಬ್ಬರ ಪಾಲಿಗಿಂತ ಮೊದಲು ಬರಿದು ತಿಂಗಳುಗಳ ಕೂಲಿಯನ್ನು ತೆಗೆದಿಡುತ್ತಿದ್ದೇವೆ. ಅಷ್ಟನ್ನು ಮಾತ್ರ ಕಲಿತೆವು.

ಉಳಿದದ್ದು ಆ ಮುಂಗಡ. ಅಚ್ಚಿನವನು ಅದನ್ನು ಹಿಂದಕ್ಕೆ ಕೊಡಲಿಲ್ಲ, ಕೊಡಬೇಕಾದ್ದೂ ಇರಲಿಲ್ಲ. ಶನಿವಾರ ರಾತ್ರಿ ಲೆಕ್ಕದ ಪುಸ್ತಕವನ್ನು ಬಿಚ್ಚಿ ಆ ಮೊತ್ತವನ್ನು ನನ್ನ ಹೆಸರಿನ ಕೆಳಗೆ ಬರೆಯಹೊರಟೆ. ಪಾಲುದಾರರಿಗೆ ಕನ್ನಡ ಓದಲು ಬಾರದು. ಆದ್ದರಿಂದ ಪ್ರತಿ ಶನಿವಾರವೂ ಬರೆದದ್ದನ್ನೆಲ್ಲ ನಾನು ಗಟ್ಟಿಯಾಗಿ ಓದಬೇಕು, ಅವರು ಕೇಳಬೇಕು. ಅದು ನಮ್ಮ ಪದ್ಧತಿ.

“ಅದನ್ಯಾಕೆ ನಿಮ್ಮ ಲೆಕ್ಕಕ್ಕೆ ಬರೀತೀರಿ?” ಎಂದರು.

“ತಪ್ಪು ನನ್ನದಲ್ಲವೇ? ನಿಮ್ಮನ್ನು ಕೇಳದೆ ಕೊಟ್ಟದ್ದು.”

“ನಷ್ಟವೂ ಸಮಪಾಲು ಅಂತ ತಾನೇ ಪತ್ರದಲ್ಲಿ ಓದಿ ಹೇಳಿದ್ರಿ? ಇಬ್ಬರ ಲೆಕ್ಕಕ್ಕೇ ಬರೀರಿ ಮೇಷ್ಟ್ರೇ.”

ನಾನು ವಾದಿಸಿದೆ, ಅವರು ಒಪ್ಪಲಿಲ್ಲ. ಕೊನೆಗೆ ಹಾಗೆಯೇ ಬರೆದೆ. ಅರ್ಧ ನನಗೆ, ಅರ್ಧ ಅವರಿಗೆ. ಬರೆದದ್ದನ್ನು ಎಂದಿನಂತೆ ಗಟ್ಟಿಯಾಗಿ ಓದಿದೆ. ಅವರು ಕೇಳಿ, ಸರಿ ಎಂದು ತಲೆಯಾಡಿಸಿ, ಮಾರನೆಯ ದಿನದ ಮೇಣವನ್ನು ಒಡೆದಿಡಲು ಎದ್ದು ಹೋದರು.